ಶಿಕಾರಿಗೆ ಹೋದವರು ಕಾಡಿನಲ್ಲಿ ದಾರಿ ತಪ್ಪಿದರೆ: ಸ್ಥಳಸೂಚಕ ಸಾಧನದ ಆಯ್ಕೆಯಿಂದ ಹುಡುಕಾಟದವರೆಗೆ

ಬೇಟೆಯ ಋತು ಹತ್ತಿರವಾದಾಗಲೆಲ್ಲ ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಸಹೋದ್ಯೋಗಿಗಳ ಜೊತೆ ಮೊದಲ ಸಲ ಎಲ್ಕ್ ಶಿಕಾರಿಗೆ ಹೊರಟವರು ಯಾವ ಸಾಧನ ಕೊಳ್ಳಬೇಕೆಂದು ಕೇಳುತ್ತಾರೆ. ಮನೆಯಲ್ಲಿ ಉಳಿಯುವವರು, ಹೋದವರು ಹೇಳಿದ ಹೊತ್ತಿಗೆ ಬಾರದಿದ್ದರೆ ಯಾರಿಗೆ, ಯಾವಾಗ ತಿಳಿಸಬೇಕೆಂದು ಕೇಳುತ್ತಾರೆ. ಈ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಉತ್ತರ ಒಂದಕ್ಕೊಂದು ಹೆಣೆದುಕೊಂಡಿದೆ. ಎಷ್ಟೇ ಒಳ್ಳೆಯ ಸಾಧನವಾದರೂ ಅದನ್ನು ನೋಂದಾಯಿಸಿರಬೇಕು, ಅದು ಹೋದವರ ಮೈಮೇಲೆಯೇ ಇರಬೇಕು, ಮತ್ತು ಮನೆಯಲ್ಲಿರುವ ಒಬ್ಬರಿಗೆ ತಮ್ಮ ಪಾಲಿನ ಕೆಲಸವೇನೆಂಬುದು ಮೊದಲೇ ತಿಳಿದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸಾಧನದ ಪ್ರಯೋಜನ ಬಹುಪಾಲು ಕೈತಪ್ಪಿಹೋಗುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ಕಾನೂನುಬಾಹಿರ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ ಪರವಾನಗಿ ಪಡೆದು ನಡೆಸುವ ಬೇಟೆಗೆ ಸಂಬಂಧಿಸಿದ್ದು. ಉದಾಹರಣೆಗೆ ಕೊಲೊರಾಡೊ ರಾಜ್ಯವನ್ನು ತೆಗೆದುಕೊಂಡಿದ್ದೇನೆ. ಎಲ್ಕ್ ಎಂಬ, ಜಿಂಕೆ ಕುಲದ ದೊಡ್ಡ ಪ್ರಾಣಿಯ ಬೇಟೆಗೆ ಆ ರಾಜ್ಯ ಹೆಸರಾಗಿದೆ. ಕೋವಿಯನ್ನೇ ಮುಟ್ಟದೆ ಕೇವಲ ಚಾರಣಕ್ಕೆ, ಹಕ್ಕಿ ನೋಡುವುದಕ್ಕೆ, ಬಂಗಾರದ ಬಣ್ಣಕ್ಕೆ ತಿರುಗಿದ ಆಸ್ಪೆನ್ ಮರಗಳ ಚಿತ್ರ ತೆಗೆಯುವುದಕ್ಕೆ ಹೋಗುವವರಿಗೂ ಈ ಹಂತಗಳು ಹಾಗೆಯೇ ಅನ್ವಯಿಸುತ್ತವೆ.

ಬೇಟೆಗಾರರ ಸ್ಥಿತಿ ಚಾರಣಿಗರದಕ್ಕಿಂತ ಏಕೆ ಭಿನ್ನ

ಚಾರಣಿಗರು ಸಾಮಾನ್ಯವಾಗಿ ಕಾಲುದಾರಿ ಹಿಡಿದು ನಡೆಯುತ್ತಾರೆ. ಅವರು ಕಾಣೆಯಾದರೆ ಹುಡುಕುವವರೂ ಆ ದಾರಿಯಿಂದಲೇ ಆರಂಭಿಸಬಹುದು. ಬೇಟೆಗಾರ ಹಾಗಲ್ಲ. ಮಿಕದ ಹೆಜ್ಜೆಯನ್ನೋ ರಕ್ತದ ಜಾಡನ್ನೋ ನೋಡುತ್ತ ತಲೆ ತಗ್ಗಿಸಿ ನಡೆಯುವಾಗ ಅವನ ಗಮನವೆಲ್ಲ ನೆಲದ ಮೇಲಿರುತ್ತದೆ, ಸುತ್ತಲಿನ ದಿಣ್ಣೆ, ಹಳ್ಳ, ಕಣಿವೆಗಳ ಗುರುತು ಮನಸ್ಸಿನಲ್ಲಿ ಉಳಿಯುವುದಿಲ್ಲ. ಗಾಯಗೊಂಡ ಪ್ರಾಣಿ ಗುಡ್ಡದ ಇನ್ನೊಂದು ಮಗ್ಗುಲಿಗೆ ದಾಟಿದರೆ ಅವನೂ ದಾಟುತ್ತಾನೆ, ಹಿಂತಿರುಗುವಾಗ ತಪ್ಪು ಕಣಿವೆಗೆ ಇಳಿಯುತ್ತಾನೆ.

ಇದರ ಜೊತೆಗೆ ಹೊತ್ತಿನ ಸಮಸ್ಯೆಯಿದೆ. ಕೊಲೊರಾಡೊದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ನಂತರದ ಅರ್ಧ ಗಂಟೆಯವರೆಗೆ ಅವಕಾಶವಿದ್ದು, ಎಲ್ಕ್‌ಗಳು ಬಯಲಿಗೆ ಬರುವುದೂ ಬಹುಮಟ್ಟಿಗೆ ಮುಂಜಾವು ಮತ್ತು ಮುಸ್ಸಂಜೆಯಲ್ಲಿಯೇ. ಹೀಗಾಗಿ ಕತ್ತಲಲ್ಲಿ ಹಿಂತಿರುಗುವುದು ಬೇಟೆಗಾರರ ಪಾಲಿಗೆ ದಿನನಿತ್ಯದ ಸಂಗತಿ. ನವೆಂಬರ್ ತಿಂಗಳ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುತ್ತಾರೆ. ಡೆನ್ವರ್‌ನಲ್ಲಿ ಅಕ್ಟೋಬರ್ ಕೊನೆಗೆ ಆರು ಗಂಟೆಯ ಆಸುಪಾಸಿನಲ್ಲಿ ಮುಳುಗುತ್ತಿದ್ದ ಸೂರ್ಯ ಮರುವಾರ ಐದಕ್ಕೇ ಮುಳುಗುತ್ತಾನೆ. ಹಿಂದಿನ ವಾರದ ಅಂದಾಜಿನಲ್ಲಿ ಹೊರಟವರಿಗೆ ಒಂದು ಗಂಟೆಯ ಬೆಳಕು ಕಡಿಮೆಯಾಗಿರುತ್ತದೆ. ಅದೇ ದಿನಗಳಲ್ಲಿ ಹಿಮವೂ ಬೀಳಲು ಆರಂಭವಾಗುತ್ತದೆ.

ಹಂತ 1: ಸಾಧನದ ಬಗೆಯನ್ನು ಅರಿತು ಆರಿಸಿಕೊಳ್ಳಿ

ಮಾರುಕಟ್ಟೆಯಲ್ಲಿ ಹಲವು ಹೆಸರುಗಳಿದ್ದರೂ ಜೀವ ಉಳಿಸುವ ಕೆಲಸಕ್ಕೆ ಬರುವ ಬಗೆಗಳು ಮೂರು.

ಮೊದಲನೆಯದು ಪಿಎಲ್‌ಬಿ, ಅಂದರೆ ಪರ್ಸನಲ್ ಲೊಕೇಟರ್ ಬೀಕನ್. ಅಂಗೈಯಲ್ಲಿ ಹಿಡಿಸುವ ಈ ಪೆಟ್ಟಿಗೆಯ ಆಂಟೆನಾ ಎತ್ತಿ ಗುಂಡಿ ಒತ್ತಿದರೆ ಅದು 406 ಮೆಗಾಹರ್ಟ್ಸ್ ತರಂಗದಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ 5 ವ್ಯಾಟ್ ಶಕ್ತಿಯ ಸಂಕೇತ ಕಳಿಸುತ್ತದೆ. ಆ ಸಂಕೇತವನ್ನು ಹಿಡಿಯುವುದು ಕಾಸ್ಪಾಸ್-ಸಾರ್‌ಸ್ಯಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ವ್ಯವಸ್ಥೆ. ಶೀತಲ ಸಮರದ ನಡುವೆಯೇ ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಸೇರಿ ಕಟ್ಟಿದ ಈ ವ್ಯವಸ್ಥೆಯ ನೆರವಿನಿಂದ ಮೊದಲ ರಕ್ಷಣೆ ನಡೆದದ್ದು 1982ರ ಸೆಪ್ಟೆಂಬರಿನಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅಪಘಾತಕ್ಕೀಡಾದ ಸಣ್ಣ ವಿಮಾನವೊಂದರಲ್ಲಿದ್ದವರನ್ನು ಹುಡುಕುವಾಗ. ಅಮೆರಿಕದ ಸಾಮಾನ್ಯ ನಾಗರಿಕರು ದೇಶದಾದ್ಯಂತ ಪಿಎಲ್‌ಬಿ ಬಳಸಲು ಅನುಮತಿ ಸಿಕ್ಕಿದ್ದು 2003ರ ಜುಲೈನಲ್ಲಿ. ಇದಕ್ಕೆ ತಿಂಗಳ ಚಂದಾ ಇಲ್ಲ, ಬ್ಯಾಟರಿ ಸಾಮಾನ್ಯವಾಗಿ 5ರಿಂದ 7 ವರ್ಷ ಬಾಳುತ್ತದೆ, ಒಮ್ಮೆ ಚಾಲೂ ಮಾಡಿದರೆ ಕನಿಷ್ಠ 24 ಗಂಟೆ ಕೆಲಸ ಮಾಡುವಂತೆ ಅದನ್ನು ರೂಪಿಸಿರುತ್ತಾರೆ. ಆದರೆ ಇದು ಒಮ್ಮುಖ ಸಂಪರ್ಕ. ನಿಮಗೇನಾಗಿದೆ ಎಂದು ಅದರಲ್ಲಿ ಬರೆದು ಕಳಿಸಲಾಗದು. ಕೆಲವು ಹೊಸ ಮಾದರಿಗಳಲ್ಲಿ ಯುರೋಪಿನ ಗೆಲಿಲಿಯೊ ಉಪಗ್ರಹಗಳ ಮೂಲಕ ಸಂಕೇತ ತಲುಪಿದೆ ಎಂದು ದೀಪ ಮಿನುಗುವ ಸೌಲಭ್ಯವಿದೆ. ಆ ದೀಪ ಕಂಡ ಮಾತ್ರಕ್ಕೆ ರಕ್ಷಣಾ ತಂಡ ಹೊರಟಿದೆ ಎಂದು ತಿಳಿಯಬಾರದು. ಸಂಕೇತ ವ್ಯವಸ್ಥೆಯನ್ನು ತಲುಪಿದೆ ಎಂಬುದಷ್ಟೇ ಅದರ ಅರ್ಥ.

ಎರಡನೆಯದು ಉಪಗ್ರಹ ಸಂದೇಶ ಸಾಧನ. ಗಾರ್ಮಿನ್ ಇನ್‌ರೀಚ್ ಮತ್ತು ಜೋಲಿಯೊ ಇರಿಡಿಯಂ ಉಪಗ್ರಹಗಳನ್ನು, ಸ್ಪಾಟ್ ಗ್ಲೋಬಲ್‌ಸ್ಟಾರ್ ಉಪಗ್ರಹಗಳನ್ನು ಬಳಸುತ್ತವೆ. ಇನ್‌ರೀಚ್‌ನಂಥ ಸಾಧನದಲ್ಲಿ ಎಸ್‌ಒಎಸ್ ಒತ್ತಿದ ಮೇಲೆ ಅತ್ತ ಕಡೆಯವರೊಡನೆ ಸಂದೇಶ ವಿನಿಮಯ ಮಾಡಬಹುದು. ಕಾಲು ಮುರಿದಿದೆಯೇ, ಬರಿದೇ ದಾರಿ ತಪ್ಪಿದೆಯೇ, ಎಷ್ಟು ಜನರಿದ್ದೀರಿ ಎಂಬುದು ಅವರಿಗೆ ತಿಳಿಯುತ್ತದೆ, ಅದಕ್ಕೆ ತಕ್ಕಂತೆ ತಂಡ ಸಿದ್ಧವಾಗುತ್ತದೆ. ತೊಂದರೆಯಿಲ್ಲದಿದ್ದರೂ ತಡವಾಗುತ್ತದೆ ಎಂದು ಮನೆಗೆ ಒಂದು ಸಾಲು ಕಳಿಸಬಹುದು. ಅನಗತ್ಯ ಹುಡುಕಾಟಗಳು ತಪ್ಪುವುದು ಹೆಚ್ಚಾಗಿ ಇದರಿಂದಲೇ. ಆದರೆ ಚಂದಾ ನಿಂತರೆ ಸೇವೆ ನಿಲ್ಲುತ್ತದೆ, ಬ್ಯಾಟರಿಯನ್ನು ಆಗಾಗ ಚಾರ್ಜ್ ಮಾಡಬೇಕು.

ಮೂರನೆಯದು ಫೋನು. ಐಫೋನ್ 14 ಮತ್ತು ಅದರ ನಂತರದ ಮಾದರಿಗಳಲ್ಲಿ 2022ರ ನವೆಂಬರಿನಿಂದ ಅಮೆರಿಕ ಮತ್ತು ಕೆನಡಾದಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಬಂದಿದೆ. ಇದು ಇರುವುದು ಒಳ್ಳೆಯದೇ. ಆದರೆ ಫೋನನ್ನು ಉಪಗ್ರಹದ ದಿಕ್ಕಿಗೆ ಹಿಡಿದು ಪರದೆ ನೋಡುತ್ತ ನಿಲ್ಲಬೇಕು, ದಟ್ಟ ಮರಗಳ ಕೆಳಗೆ ಸಂಪರ್ಕ ತಡವಾಗುತ್ತದೆ, ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಇಡೀ ದಿನ ನಕ್ಷೆ ನೋಡಿದ, ಚಿತ್ರ ತೆಗೆದ ಅದೇ ಫೋನನ್ನು ಏಕೈಕ ರಕ್ಷಣೆಯಾಗಿ ನೆಚ್ಚಿಕೊಳ್ಳಬೇಡಿ.

ಮೊದಲೆರಡರಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟು. ಒಬ್ಬರೇ ಹೋಗುವವರಿಗೆ, ಹೃದಯದ ತೊಂದರೆ ಅಥವಾ ಮಧುಮೇಹ ಇರುವವರಿಗೆ ಪಿಎಲ್‌ಬಿ ಇರಲೇಬೇಕು. ಅದು 406 ಜೊತೆಗೆ 121.5 ಮೆಗಾಹರ್ಟ್ಸ್‌ನಲ್ಲಿಯೂ ಸಣ್ಣ ಸಂಕೇತ ಹೊರಡಿಸುತ್ತಿರುತ್ತದೆ. ಹುಡುಕುವವರು ದಿಕ್ಕು ಹಿಡಿಯುವ ರೇಡಿಯೊ ಹಿಡಿದು ಆ ಸಂಕೇತದ ಬೆನ್ನು ಹತ್ತಿ, ಪೊದೆಯೊಳಗೆ ಪ್ರಜ್ಞೆ ತಪ್ಪಿ ಬಿದ್ದವರ ಬಳಿಗೂ ಬರಬಲ್ಲರು. ಉಪಗ್ರಹ ಸಂದೇಶ ಸಾಧನಗಳಲ್ಲಿ ಈ ಸಂಕೇತವಿಲ್ಲ. ಗುಂಪಿನಲ್ಲಿ ಹೋಗುವವರಿಗೆ, ಮನೆಯವರೊಡನೆ ಸಂಪರ್ಕ ಬೇಕೆನ್ನುವವರಿಗೆ ಸಂದೇಶ ಸಾಧನ ಹೆಚ್ಚು ಅನುಕೂಲ.

ಎಚ್ಚರಿಕೆ: ಕೀಲಿಗೊಂಚಲಿಗೆ ಹಾಕುವ ಬ್ಲೂಟೂತ್ ಟ್ಯಾಗ್‌ಗಳು ಸುತ್ತಮುತ್ತ ಬೇರೆಯವರ ಫೋನುಗಳಿದ್ದರೆ ಮಾತ್ರ ಕೆಲಸ ಮಾಡುತ್ತವೆ, ಕಾಡಿನಲ್ಲಿ ಅವು ನಿರುಪಯೋಗಿ. ಹಿಮಕುಸಿತದಲ್ಲಿ ಬಳಸುವ 457 ಕಿಲೋಹರ್ಟ್ಸ್ ಟ್ರಾನ್ಸೀವರ್ ಕೆಲವೇ ಹತ್ತು ಮೀಟರುಗಳ ಅಳತೆಯದ್ದು. ಬೇಟೆನಾಯಿಯ ಜಿಪಿಎಸ್ ಪಟ್ಟಿ ನಾಯಿ ಎಲ್ಲಿದೆ ಎಂದು ನಿಮಗೆ ತಿಳಿಸುತ್ತದೆಯೇ ಹೊರತು, ಉಪಗ್ರಹ ಸೌಲಭ್ಯ ಸೇರಿಸಿದ ಮಾದರಿಯಲ್ಲದಿದ್ದರೆ, ನೀವು ಎಲ್ಲಿದ್ದೀರಿ ಎಂದು ಹೊರಗಿನವರಿಗೆ ತಿಳಿಸುವುದಿಲ್ಲ. 121.5 ಮೆಗಾಹರ್ಟ್ಸ್ ಮಾತ್ರ ಇರುವ ಹಳೆಯ ಬೀಕನ್ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಆ ತರಂಗವನ್ನು ಆಲಿಸುವುದನ್ನೇ ನಿಲ್ಲಿಸಿವೆ.

ಹಂತ 2: ಕೊಂಡ ದಿನವೇ ನೋಂದಾಯಿಸಿ

ಪ್ರತಿ ಪಿಎಲ್‌ಬಿಯ ಮೇಲೆ 15 ಅಕ್ಷರ ಮತ್ತು ಅಂಕಿಗಳ ಗುರುತುಸಂಖ್ಯೆ ಇರುತ್ತದೆ. ಅಮೆರಿಕದಲ್ಲಿ ಕೊಂಡದ್ದನ್ನು ಅಲ್ಲಿನ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದ ಜಾಲತಾಣದಲ್ಲಿ ಆ ಸಂಖ್ಯೆಯೊಂದಿಗೆ ನೋಂದಾಯಿಸಬೇಕು. ಇದು ಉಚಿತ, ಆದರೆ ಕಡ್ಡಾಯ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು.

ನೋಂದಣಿ ಏಕೆ ಮುಖ್ಯ ಎಂಬುದು ಸಂಕೇತ ಸಾಗುವ ಹಾದಿ ತಿಳಿದರೆ ಅರ್ಥವಾಗುತ್ತದೆ. ನಿಮ್ಮ ಬೀಕನ್‌ನ ಸಂಕೇತ ಉಪಗ್ರಹದಿಂದ ಭೂಕೇಂದ್ರಕ್ಕೆ, ಅಲ್ಲಿಂದ ಮೇರಿಲ್ಯಾಂಡ್‌ನ ಸೂಟ್‌ಲ್ಯಾಂಡ್‌ನಲ್ಲಿರುವ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ಫ್ಲಾರಿಡಾದ ಟಿಂಡಲ್ ವಾಯುನೆಲೆಯಲ್ಲಿರುವ ವಾಯುಪಡೆಯ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿನ ಸಿಬ್ಬಂದಿ ಮೊದಲು ಮಾಡುವ ಕೆಲಸವೇ ನೋಂದಣಿಯಲ್ಲಿರುವ ಸಂಖ್ಯೆಗಳಿಗೆ ಕರೆ ಮಾಡುವುದು. ಫೋನೆತ್ತಿದ ನಿಮ್ಮ ಹೆಂಡತಿಯೋ ಅಣ್ಣನೋ, ಹೌದು, ಇಂಥ ಜಾಗಕ್ಕೆ ಬೇಟೆಗೆ ಹೋಗಿದ್ದಾರೆ, ಬಿಳಿ ಬಣ್ಣದ ಟ್ರಕ್ಕಿನಲ್ಲಿ ಇಬ್ಬರು ಹೋಗಿದ್ದಾರೆ ಎಂದು ಹೇಳಿದರೆ ಸಂಕೇತ ನಿಜವೆಂದು ಖಚಿತವಾಗಿ ವಿಷಯ ತಕ್ಷಣ ಸ್ಥಳೀಯರಿಗೆ ಹೋಗುತ್ತದೆ. ನೋಂದಣಿಯಿಲ್ಲದ ಬೀಕನ್ ಆದರೆ ಅದು ಯಾರದು, ಅಕಸ್ಮಾತ್ತಾಗಿ ಒತ್ತಿಹೋದದ್ದೇ ಎಂಬುದನ್ನು ತಿಳಿಯುವುದರಲ್ಲಿಯೇ ಹೊತ್ತು ಹೋಗುತ್ತದೆ.

ತುರ್ತು ಸಂಪರ್ಕಕ್ಕೆ ಊರಿನಲ್ಲಿರುವ ತಂದೆತಾಯಿಯ ಸಂಖ್ಯೆಯನ್ನು ಕೊಡುವವರಿದ್ದಾರೆ, ಹಾಗೆ ಮಾಡಬೇಡಿ. ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಬಲ್ಲ, ನಿಮ್ಮ ಯೋಜನೆ ಗೊತ್ತಿರುವ, ಅಮೆರಿಕದಲ್ಲಿಯೇ ಇರುವ ಇಬ್ಬರ ಸಂಖ್ಯೆ ಕೊಡಿ. ನಿಮ್ಮ ಜೊತೆಗೇ ಕಾಡಿಗೆ ಬರುವವರ ಸಂಖ್ಯೆ ಇಲ್ಲಿ ಉಪಯೋಗಕ್ಕೆ ಬಾರದು. ಅಪರಿಚಿತ ಸಂಖ್ಯೆಯಿಂದ ಕರೆ ಬಂದರೂ ಎತ್ತಬೇಕೆಂದು ಅವರಿಗೆ ಹೇಳಿಡಿ. ಬೇರೆಯವರು ಬಳಸಿದ ಬೀಕನ್ ಕೊಂಡಿದ್ದರೆ ಹಳೆಯ ಮಾಲೀಕರ ಹೆಸರಿನಿಂದ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ. ಬ್ರಿಟನ್ ಅಥವಾ ಆಸ್ಟ್ರೇಲಿಯಾದಿಂದ ತಂದದ್ದಾದರೆ ಅದರೊಳಗೆ ಆ ದೇಶದ ಸಂಕೇತವೇ ಇರುವುದರಿಂದ ನೋಂದಣಿಯೂ ಅಲ್ಲಿಯೇ ಆಗಬೇಕು.

ಸಾಧನದ ಸ್ವಯಂಪರೀಕ್ಷೆ ಗುಂಡಿಯನ್ನು ಕೈಪಿಡಿ ಹೇಳಿದಷ್ಟೇ ಸಲ ಬಳಸಿ, ಏಕೆಂದರೆ ಪ್ರತಿ ಪರೀಕ್ಷೆಯೂ ಬ್ಯಾಟರಿಯನ್ನು ತಿನ್ನುತ್ತದೆ. ಪರೀಕ್ಷೆಗೆಂದು ನಿಜವಾದ ಗುಂಡಿಯನ್ನು ಎಂದಿಗೂ ಒತ್ತಬೇಡಿ. ಬೇಕೆಂದೇ ಸುಳ್ಳು ಸಂಕೇತ ಕಳಿಸುವುದು ಅಮೆರಿಕದಲ್ಲಿ ಅಪರಾಧ. ಕೈತಪ್ಪಿ ಒತ್ತಿಹೋದರೆ ಹೆದರಿ ಸುಮ್ಮನಾಗದೆ ಸಾಧನವನ್ನು ಆರಿಸಿ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಕರೆ ಮಾಡಿ ತಿಳಿಸಿ. ಪ್ರಾಮಾಣಿಕವಾಗಿ ತಿಳಿಸಿದವರಿಗೆ ಅದರಿಂದ ತೊಂದರೆಯಾಗದು.

ಹಂತ 3: ಹೊರಡುವ ಮುನ್ನ ಯೋಜನೆಯನ್ನು ಬರೆದು ಕೊಡಿ

ಬಾಯಿಮಾತಿನಲ್ಲಿ ಹೇಳಿದ್ದು ಗಾಬರಿಯ ಹೊತ್ತಿನಲ್ಲಿ ನೆನಪಿಗೆ ಬರುವುದಿಲ್ಲ, ಆದ್ದರಿಂದ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿಡಿ. ಅದರಲ್ಲಿ ಗಾಡಿ ನಿಲ್ಲಿಸುವ ಜಾಗ, ಗಾಡಿಯ ನಂಬರ್ ಪ್ಲೇಟು, ಬೇಟೆಯಾಡುವ ಘಟಕದ ಸಂಖ್ಯೆ, ಜೊತೆಗಾರರ ಹೆಸರು ಮತ್ತು ಫೋನು, ಸಾಧನದ ಬಗೆ, ಧರಿಸಿದ ಬಟ್ಟೆಯ ಬಣ್ಣ, ಸೇವಿಸುವ ಔಷಧಿಗಳು ಇವೆಲ್ಲ ಇರಲಿ. ಘಟಕ ಎಂದರೆ ಜಿಎಂಯು, ಅಂದರೆ ಗೇಮ್ ಮ್ಯಾನೇಜ್‌ಮೆಂಟ್ ಯೂನಿಟ್. ಕೊಲೊರಾಡೊದ ವನ್ಯಜೀವಿ ಇಲಾಖೆ ರಾಜ್ಯವನ್ನು ಇಂಥ ಸಂಖ್ಯೆಯ ತುಂಡುಗಳಾಗಿ ವಿಂಗಡಿಸಿದೆ, ನಿಮ್ಮ ಪರವಾನಗಿಯ ಮೇಲೆ ಅದು ಅಚ್ಚಾಗಿರುತ್ತದೆ. ಒಂದು ಘಟಕ ನಮ್ಮ ತಾಲ್ಲೂಕಿನಷ್ಟು ವಿಶಾಲವಾಗಿರಬಹುದಾದ್ದರಿಂದ ಬರೀ ಆ ಸಂಖ್ಯೆ ಸಾಲದು, ಯಾವ ಕಣಿವೆ, ಯಾವ ದಿಣ್ಣೆ ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. ಬೂಟಿನ ಅಡಿಯ ಚಿತ್ರವೊಂದನ್ನು ತೆಗೆದು ಹಾಳೆಯ ಜೊತೆಗೆ ಇಡಿ. ಜಾಡು ನೋಡುವವರಿಗೆ ಅದು ಎಷ್ಟು ನೆರವಾಗುತ್ತದೆ ಎಂಬುದನ್ನು ಹೆಚ್ಚಿನವರು ಊಹಿಸಿರುವುದಿಲ್ಲ.

ಎರಡು ಸಮಯಗಳನ್ನು ಬೇರೆಬೇರೆಯಾಗಿ ಬರೆಯಿರಿ: ನೀವು ಹಿಂತಿರುಗಬೇಕೆಂದುಕೊಂಡಿರುವ ಸಮಯ ಒಂದು, ಯಾವ ಹೊತ್ತಿನ ನಂತರ ಮನೆಯವರು ಇನ್ನು ಕಾಯಬಾರದೋ ಆ ಸಮಯ ಇನ್ನೊಂದು. ಕತ್ತಲಲ್ಲಿ ಮರಳುವುದು ಸಹಜವಾದ್ದರಿಂದ, ಸೂರ್ಯಾಸ್ತದ ನಂತರ ಗಾಡಿಗೆ ನಡೆದು ಬರಲು ಬೇಕಾದ ಹೊತ್ತಿಗೆ ಎರಡು ಅಥವಾ ಮೂರು ಗಂಟೆ ಸೇರಿಸಿ ಎರಡನೆಯದನ್ನು ನಿಗದಿ ಮಾಡುವುದು ವಾಸಿ. ಆ ಗಡುವು ಮೀರಿದರೆ ಸಂಕೋಚಪಡದೆ ಕರೆ ಮಾಡುವುದಾಗಿ ಮನೆಯವರಿಂದ ಒಪ್ಪಿಗೆ ಪಡೆದಿರಬೇಕು. ಕಾಡಿನಲ್ಲಿ ಮನಸ್ಸು ಬದಲಾಗಿ ಬೇರೆ ಕಣಿವೆಗೆ ಹೋಗುವುದಾದರೆ ಗಾಡಿಯ ಗಾಜಿನ ಒಳಗೆ ಚೀಟಿ ಬರೆದಿಟ್ಟು, ಸಾಧ್ಯವಾದರೆ ಸಂದೇಶವನ್ನೂ ಕಳಿಸಿ ಹೋಗಿ.

ಹಂತ 4: ಸಾಧನ ಮೈಮೇಲಿರಲಿ, ಚೀಲದಲ್ಲಲ್ಲ

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೇಟೆಗಾರರು ಮಿಕ ಹತ್ತಿರವಾದಾಗ ಸದ್ದಾಗದಿರಲೆಂದು ಬೆನ್ನುಚೀಲವನ್ನು ಮರದ ಬುಡದಲ್ಲಿಳಿಸಿ, ಕೋವಿಯೊಂದನ್ನೇ ಹಿಡಿದು ಮುಂದೆ ಸರಿಯುತ್ತಾರೆ. ಗುಂಡು ತಗುಲಿದ ಪ್ರಾಣಿ ಓಡಿದರೆ ಅದರ ಹಿಂದೆ ಹೋಗುತ್ತಾರೆ. ಒಂದು ಗಂಟೆಯ ನಂತರ ಕತ್ತಲು ಕವಿದಿರುತ್ತದೆ, ಚೀಲವಿಟ್ಟ ಮರ ಯಾವುದೆಂದು ತಿಳಿಯುವುದಿಲ್ಲ. ಬೀಕನ್, ಟಾರ್ಚು, ಬೆಂಕಿಪೆಟ್ಟಿಗೆ, ಬೆಚ್ಚನೆಯ ಅಂಗಿ ಎಲ್ಲವೂ ಆ ಚೀಲದಲ್ಲಿರುತ್ತವೆ.

ಆದ್ದರಿಂದ ಬೀಕನ್ ಅಥವಾ ಸಂದೇಶ ಸಾಧನ, ವಿಸಲ್, ತಲೆಗೆ ಕಟ್ಟುವ ಹೆಡ್‌ಲ್ಯಾಂಪ್, ಲೈಟರ್, ದಿಕ್ಸೂಚಿ ಇಷ್ಟನ್ನು ಜಿಪ್ ಇರುವ ಅಂಗಿಯ ಜೇಬಿನಲ್ಲಿಯೋ ಎದೆಪಟ್ಟಿಯಲ್ಲಿಯೋ ಇಟ್ಟುಕೊಳ್ಳಿ. ಬಲಗೈ ಪೆಟ್ಟಾದರೆ ಎಡಗೈಯಿಂದಲೂ ತೆಗೆಯಲು ಬರುತ್ತದೆಯೇ ಎಂದು ಮನೆಯಲ್ಲಿಯೇ ನೋಡಿಕೊಳ್ಳಿ. ಕೈಗವಸು ಹಾಕಿಕೊಂಡೇ ಆಂಟೆನಾ ಎತ್ತುವುದನ್ನು ಗುಂಡಿ ಒತ್ತದೆ ಅಭ್ಯಾಸ ಮಾಡಿ. ಫೋನನ್ನು ಒಳ ಅಂಗಿಯ ಜೇಬಿನಲ್ಲಿ, ಮೈಯ ಬಿಸಿ ತಾಕುವಂತೆ, ಏರ್‌ಪ್ಲೇನ್ ಮೋಡ್‌ನಲ್ಲಿಡಿ. ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಸಿಗ್ನಲ್ ಇಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ. ದಿಕ್ಸೂಚಿ ನೋಡುವಾಗ ಕೋವಿಯನ್ನು ದೂರವಿಡಿ, ಅದರ ಉಕ್ಕು ಮುಳ್ಳನ್ನು ಎಳೆಯುತ್ತದೆ.

ಕೊಲೊರಾಡೊದಲ್ಲಿ ಕೋವಿಯಿಂದ ದೊಡ್ಡ ಪ್ರಾಣಿಗಳ ಬೇಟೆಯಾಡುವವರು ಸೊಂಟದ ಮೇಲ್ಭಾಗದಲ್ಲಿ ಕನಿಷ್ಠ 500 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು, ಅದೇ ಬಣ್ಣದ ತಲೆಯುಡುಪಿನೊಂದಿಗೆ ತೊಡಬೇಕೆಂಬುದು ಕಾನೂನು. ಬೇರೆ ಬೇಟೆಗಾರರ ಗುಂಡಿನಿಂದ ಕಾಪಾಡುವ ಈ ಬಣ್ಣ ಹೆಲಿಕಾಪ್ಟರಿನಿಂದ ಹುಡುಕುವವರ ಕಣ್ಣಿಗೂ ಬೀಳುತ್ತದೆ. ಬರಿದೇ ನಡೆಯಲು ಹೋಗುವವರೂ ಆ ದಿನಗಳಲ್ಲಿ ಇದೇ ಬಣ್ಣ ತೊಡುವುದು ಒಳ್ಳೆಯದು. ಹತ್ತಿ ಬಟ್ಟೆ ಮಾತ್ರ ಬೇಡ. ಒದ್ದೆಯಾದ ಹತ್ತಿ ಮೈಯ ಶಾಖವನ್ನು ಹೀರುತ್ತದೆ, ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೊಥರ್ಮಿಯಾ, ಅಂದರೆ ಶೀತಾಘಾತ, ಆರಂಭವಾಗುತ್ತದೆ. ಮಾತು ತೊದಲುವುದು, ಎಡವುವುದು, ಸರಿಯಾಗಿ ಯೋಚಿಸಲಾಗದಿರುವುದು ಅದರ ಲಕ್ಷಣಗಳು. ಯೋಚನಾಶಕ್ತಿಯೇ ಕುಂದುವುದರಿಂದ ಬೀಕನ್ ಒತ್ತಬೇಕೆಂಬುದೂ ಹೊಳೆಯದೆ ಹೋಗಬಹುದು.

ಹಂತ 5: ದಾರಿ ತಪ್ಪಿದೆ ಎಂದು ಅನ್ನಿಸಿದಾಗ

ಮೊದಲು ಕುಳಿತುಕೊಳ್ಳಿ, ನೀರು ಕುಡಿಯಿರಿ. ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು, ಅಲ್ಲಿಂದ ಎಷ್ಟು ಹೊತ್ತು ನಡೆದೆ ಎಂದು ಯೋಚಿಸಿ, ನಕ್ಷೆ ನೋಡಿ. ಬೆಳಕಿದ್ದು, ಬಂದ ಹೆಜ್ಜೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದೇ ಹೆಜ್ಜೆಯಲ್ಲಿ ಹಿಂದಕ್ಕೆ ಹೋಗಬಹುದು. ಹಾಗಿಲ್ಲದಿದ್ದರೆ ಅಲ್ಲಿಂದ ಕದಲಬೇಡಿ. ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ರಾಕಿ ಪರ್ವತಗಳಲ್ಲಿ ಹಳ್ಳಗಳು ಬಂಡೆಯ ಕಂದರಗಳಿಗೂ ಜಲಪಾತಗಳಿಗೂ ಇಳಿಯುತ್ತವೆ, ಅಲ್ಲಿ ಆಕಾಶ ಕಿರಿದಾಗಿ ಉಪಗ್ರಹದ ಸಂಪರ್ಕವೂ ಕೆಡುತ್ತದೆ.

ಕತ್ತಲಾಗುತ್ತಿದ್ದು ದಾರಿ ಸಿಗುವ ಭರವಸೆಯಿಲ್ಲದಿದ್ದರೆ ಹೇಗೋ ನಡೆದು ಹೊರಬೀಳೋಣವೆಂದು ಹೊರಡುವುದೇ ಬೇಟೆಗಾರರಲ್ಲಿ ಕಾಣುವ ದೊಡ್ಡ ತಪ್ಪು. ಗಾಳಿಗೆ ಮರೆಯಾದ ಜಾಗ ನೋಡಿ, ಅಡಿಗೆ ಒಣ ಕೊಂಬೆಗಳನ್ನು ಹಾಸಿ, ಬೆಂಕಿ ಮಾಡಿಕೊಂಡು ರಾತ್ರಿ ಕಳೆಯಲು ಸಿದ್ಧರಾಗಿ. ಪೆಟ್ಟಾಗಿದ್ದರೆ, ಒದ್ದೆಯಾಗಿದ್ದರೆ, ರಾತ್ರಿ ಕಳೆಯುವಷ್ಟು ಬಟ್ಟೆಯಿಲ್ಲದಿದ್ದರೆ ಬೀಕನ್ ಒತ್ತಲು ಹಿಂಜರಿಯಬೇಡಿ. ಕೈ ಮರಗಟ್ಟುವ ಮೊದಲೇ ಒತ್ತಬೇಕು.

ಒತ್ತುವ ಕ್ರಮ ಹೀಗೆ. ಮರಗಳ ನಡುವೆ ಆಕಾಶ ಹೆಚ್ಚು ಕಾಣುವ ಜಾಗಕ್ಕೆ ಬನ್ನಿ, ಆಂಟೆನಾವನ್ನು ಪೂರ್ತಿ ಎತ್ತಿ ನೆಟ್ಟಗೆ ನಿಲ್ಲಿಸಿ, ಜಿಪಿಎಸ್ ಭಾಗವನ್ನು ಕೈಯಿಂದ ಮುಚ್ಚಬೇಡಿ. ಒಮ್ಮೆ ಚಾಲೂ ಮಾಡಿದ ಮೇಲೆ ರಕ್ಷಕರು ಬಂದು ಹೇಳುವವರೆಗೆ ಆರಿಸಬೇಡಿ. ಬ್ಯಾಟರಿ ಉಳಿಸಲೆಂದು ಆಗಾಗ ಆರಿಸುವವರು ತಮ್ಮ ಸಂಕೇತವನ್ನು ತಾವೇ ಕಡಿದುಕೊಂಡಂತೆ. ಜಿಪಿಎಸ್ ಸಿಕ್ಕಿದ ಬೀಕನ್ ನಿಮ್ಮ ಜಾಗವನ್ನು ಸುಮಾರು 100 ಮೀಟರಿನೊಳಗೆ ತಿಳಿಸುತ್ತದೆ. ನೀವು ಅಲ್ಲಿಂದ ನಡೆದು ಹೋದರೆ ಆ ನಿಖರತೆ ವ್ಯರ್ಥ.

ಉಪಗ್ರಹ ಸಾಧನದ ಜೊತೆಗೆ ಹಳೆಯ ಸಂಕೇತಗಳನ್ನೂ ಬಳಸಿ. ವಿಸಲ್ ಆಗಲಿ, ಬೆಂಕಿಯಾಗಲಿ, ಗುಂಡಾಗಲಿ, ಮೂರು ಎಂಬುದು ಆಪತ್ತಿನ ಗುರುತು. ಗುಂಡು ಹಾರಿಸುವುದಾದರೆ ಆಕಾಶಕ್ಕಲ್ಲ, ಎದುರಿನ ಮಣ್ಣಿನ ದಿಬ್ಬಕ್ಕೆ ಹಾರಿಸಿ. ಹಗಲಿನಲ್ಲಿ ಬೇರೆ ಬೇಟೆಗಾರರ ಗುಂಡಿನ ಸದ್ದಿನಲ್ಲಿ ಅದು ಕಳೆದುಹೋಗುವುದರಿಂದ ಬೇಟೆಯ ಹೊತ್ತು ಮುಗಿದ ಮೇಲೆ ಹಾರಿಸುವುದು ಮೇಲು. ನೆಲದ ಮೇಲೆ ಕೊಂಬೆಗಳಿಂದ ಇಂಗ್ಲಿಷಿನ ವಿ ಅಕ್ಷರ ಬರೆದರೆ ನೆರವು ಬೇಕೆಂದೂ ಎಕ್ಸ್ ಬರೆದರೆ ವೈದ್ಯಕೀಯ ನೆರವು ಬೇಕೆಂದೂ ವಿಮಾನದವರು ಅರ್ಥ ಮಾಡಿಕೊಳ್ಳುತ್ತಾರೆ. ರಾತ್ರಿ ಹೆಲಿಕಾಪ್ಟರಿನ ಸದ್ದು ಕೇಳಿದರೆ ಫೋನಿನ ಪರದೆಯನ್ನಾದರೂ ಬೆಳಗಿಸಿ, ರಾತ್ರಿದೃಷ್ಟಿ ಕನ್ನಡಕದಲ್ಲಿ ಅಷ್ಟು ಬೆಳಕೂ ಕಾಣುತ್ತದೆ.

ಹಂತ 6: ಮನೆಯಲ್ಲಿರುವವರು ಮಾಡಬೇಕಾದ ಕರೆ

ಗಡುವು ಮೀರಿತೆಂದರೆ 911ಕ್ಕೆ ಕರೆ ಮಾಡಿ. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ನಿಯಮವಿಲ್ಲ. ನೀವು ಬೇರೆ ರಾಜ್ಯದಲ್ಲಿದ್ದರೆ ನಿಮ್ಮ 911 ಕರೆ ನಿಮ್ಮೂರಿಗೇ ಹೋಗುವುದರಿಂದ, ಅವರು ಬೇಟೆಗೆ ಹೋದ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಶೆರಿಫ್ ಕಚೇರಿಯ ಸಂಖ್ಯೆಯನ್ನು ಯೋಜನೆಯ ಹಾಳೆಯಲ್ಲಿಯೇ ಬರೆದಿಟ್ಟಿರಬೇಕು. ಕೊಲೊರಾಡೊದಲ್ಲಿ ಹುಡುಕಾಟದ ಹೊಣೆ ಕೌಂಟಿಯ ಶೆರಿಫ್‌ರದ್ದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೀನುಗಾರಿಕೆ ಮತ್ತು ಬೇಟೆ ಇಲಾಖೆಯದ್ದು, ಅಲಾಸ್ಕಾದಲ್ಲಿ ರಾಜ್ಯ ಪೊಲೀಸರದ್ದು. ಹಣ ಕೇಳುತ್ತಾರೆಂಬ ಭಯದಿಂದ ತಡಮಾಡಬೇಡಿ. ಕೊಲೊರಾಡೊದ ತಂಡಗಳು ಸ್ವಯಂಸೇವಕರದ್ದಾಗಿದ್ದು ಹುಡುಕಾಟಕ್ಕೆ ಶುಲ್ಕ ವಿಧಿಸುವುದಿಲ್ಲ. ಗಾಯಾಳುವನ್ನು ಸಾಗಿಸುವ ಖಾಸಗಿ ಏರ್ ಆಂಬುಲೆನ್ಸ್‌ನ ಬಿಲ್ಲು ಮಾತ್ರ ಬೇರೆ.

ಅಕ್ಷಾಂಶ ರೇಖಾಂಶಗಳನ್ನು ಹೇಳುವಾಗ ಯಾವ ಕ್ರಮದಲ್ಲಿ ಹೇಳುತ್ತಿದ್ದೀರಿ ಎಂಬುದನ್ನು ತಿಳಿಸಲೇಬೇಕು. 39 ಡಿಗ್ರಿ 30.300 ಮಿನಿಟು ಎಂಬುದೂ 39.505 ಡಿಗ್ರಿ ಎಂಬುದೂ ಒಂದೇ ಜಾಗ. ಆದರೆ ಮೊದಲನೆಯದನ್ನು 39.303 ಡಿಗ್ರಿ ಎಂದು ಓದಿಬಿಟ್ಟರೆ ತಂಡ 22 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತದೆ. ಅಂಕಿಗಳನ್ನು ಒಂದೊಂದಾಗಿ ಓದಿ, ಅವರಿಂದ ತಿರುಗಿ ಓದಿಸಿ.

ಕರೆಯಾದ ಮೇಲೆ ಕಾಣೆಯಾದವರ ಫೋನಿಗೆ ಎಡೆಬಿಡದೆ ಕರೆ ಮಾಡುತ್ತ ಬ್ಯಾಟರಿ ಖಾಲಿ ಮಾಡಬೇಡಿ. ಒಂದು ಸಂದೇಶ ಕಳಿಸಿ, ಇದ್ದಲ್ಲಿಯೇ ಇರಲು ಹೇಳಿ. ಮಾತಿನ ಕರೆ ಹೋಗದ ಕಡೆ ಸಂದೇಶ ಹೋಗುವುದುಂಟು. ಅವರ ಫೋನು ಯಾವ ಕಂಪನಿಯ ಸಂಪರ್ಕದಲ್ಲಿದೆ ಎಂಬುದನ್ನು ಶೆರಿಫ್ ಕಚೇರಿಗೆ ತಿಳಿಸಿ. ಸಿವಿಲ್ ಏರ್ ಪೆಟ್ರೋಲ್ ಎಂಬ ಸ್ವಯಂಸೇವಾ ಸಂಸ್ಥೆಯಲ್ಲಿ ಫೋನು ಕೊನೆಯದಾಗಿ ಯಾವ ಟವರಿನೊಡನೆ ಸಂಪರ್ಕದಲ್ಲಿತ್ತು ಎಂಬುದರಿಂದ ಪ್ರದೇಶವನ್ನು ಕಿರಿದುಗೊಳಿಸುವ ಪರಿಣತರ ತಂಡವೇ ಇದೆ.

ಹಂತ 7: ಹುಡುಕಾಟ ನಡೆಯುವಾಗ

ಹುಡುಕಾಟ ಶುರುವಾಗುವುದು ಕೊನೆಯ ಖಚಿತ ಸ್ಥಾನದಿಂದ. ಸಾಮಾನ್ಯವಾಗಿ ಅದು ನಿಲ್ಲಿಸಿದ ಗಾಡಿ. ಲೆಕ್ಕ ಸರಳವಾದರೂ ಕಠೋರವಾಗಿದೆ. ಕಾಣೆಯಾದವರು ಅಲ್ಲಿಂದ 2 ಕಿಲೋಮೀಟರಿನೊಳಗೆ ಇದ್ದಾರೆಂದರೆ ಹುಡುಕಬೇಕಾದ ವೃತ್ತ ಸುಮಾರು 12.5 ಚದರ ಕಿಲೋಮೀಟರ್. 4 ಕಿಲೋಮೀಟರ್ ಎಂದರೆ 50. ದೂರ ಎರಡರಷ್ಟಾದರೆ ನೆಲ ನಾಲ್ಕರಷ್ಟಾಗುತ್ತದೆ. ಬೀಕನ್ ತೋರಿಸಿದ 100 ಮೀಟರಿನ ವೃತ್ತವೋ ಎಂಟು ಎಕರೆಗೂ ಕಡಿಮೆ. ಆದ್ದರಿಂದಲೇ ಬೇಗ ತಿಳಿಸುವುದಕ್ಕೂ ಕದಲದೆ ಇರುವುದಕ್ಕೂ ಇಷ್ಟು ಒತ್ತು ಕೊಟ್ಟಿದ್ದೇನೆ.

ಮೊದಲು ಚುರುಕಾದ ಸಣ್ಣ ತಂಡಗಳು ಕಾಲುದಾರಿ, ಗುಡಿಸಲು, ದಿಣ್ಣೆಯ ತುದಿಗಳಂಥ ಸಂಭವನೀಯ ಜಾಗಗಳನ್ನು ನೋಡಿಬರುತ್ತವೆ. ಅದೇ ಹೊತ್ತಿಗೆ ಆ ಪ್ರದೇಶದಿಂದ ಹೊರಬೀಳುವ ರಸ್ತೆಗಳಲ್ಲಿ ಜನರನ್ನು ನಿಲ್ಲಿಸುತ್ತಾರೆ. ಕಾಣೆಯಾದವರು ತಾವೇ ಹೊರಬಂದರೆ ಗೊತ್ತಾಗಲಿ, ಹುಡುಕಬೇಕಾದ ನೆಲ ಹಿಗ್ಗದಿರಲಿ ಎಂಬುದು ಉದ್ದೇಶ. ಸೈರನ್ ಮೊಳಗಿಸಿ, ದೀಪ ಹಚ್ಚಿ ಅವರನ್ನು ಸೆಳೆಯುವ ಪ್ರಯತ್ನವೂ ನಡೆಯುತ್ತದೆ. ನಂತರ ಜಾಡು ಹಿಡಿಯುವವರು, ನಾಯಿಗಳು, ಹೆಲಿಕಾಪ್ಟರ್ ಬರುತ್ತವೆ. ಶಾಖ ಗುರುತಿಸುವ ಕ್ಯಾಮೆರಾಗೆ ದಟ್ಟ ಸೂಚಿಪರ್ಣಿ ಮರಗಳ ಕೆಳಗಿರುವವರು ಕಾಣುವುದಿಲ್ಲ. ಸಾಲಾಗಿ ನಿಂತು ನೆಲವನ್ನು ಅಂಗುಲ ಅಂಗುಲವಾಗಿ ಜಾಲಾಡುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಅದಕ್ಕೆ ಬಹಳ ಜನ ಬೇಕು, ಅಷ್ಟು ಜನ ತುಳಿದ ಮೇಲೆ ಹೆಜ್ಜೆಗಳು ಉಳಿಯುವುದಿಲ್ಲ.

ಕುಟುಂಬದವರು ಮತ್ತು ಗೆಳೆಯರು ಇಲ್ಲಿ ಮಾಡುವ ತಪ್ಪುಗಳು ಪ್ರೀತಿಯಿಂದಲೇ ಹುಟ್ಟುತ್ತವೆ. ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ ಹರಡಿ ಮೂವತ್ತು ಜನ ಕಾಡಿಗೆ ನುಗ್ಗಿದರೆ ಜಾಡು ಅಳಿಯುತ್ತದೆ, ನಾಯಿಗಳಿಗೆ ವಾಸನೆ ಕಲಸಿಹೋಗುತ್ತದೆ, ಕೆಲವೊಮ್ಮೆ ಹುಡುಕಬೇಕಾದವರ ಸಂಖ್ಯೆಯೇ ಹೆಚ್ಚುತ್ತದೆ. ನೆರವಾಗಬೇಕೆನ್ನುವವರು ಶಿಬಿರಕ್ಕೆ ಬಂದು ಹೆಸರು ಬರೆಸಿ, ಹೇಳಿದ ಕೆಲಸ ಮಾಡಲಿ. ಕಾಣೆಯಾದವರ ಗಾಡಿಯನ್ನು ಮುಟ್ಟಬೇಡಿ, ಬಾಗಿಲು ತೆರೆಯಬೇಡಿ. ಅವರು ಕುಳಿತ ಆಸನದ ವಾಸನೆಯೇ ನಾಯಿಗೆ ಆಧಾರವಾಗಬಹುದು. ಕುಟುಂಬದ ಪರವಾಗಿ ಒಬ್ಬರು ಮಾತ್ರ ಅಧಿಕಾರಿಗಳೊಡನೆ ಮಾತನಾಡಲಿ. ಮನೆಯಲ್ಲಿ ಜಗಳವಾಗಿತ್ತೇ, ಮನಸ್ಸು ಕುಗ್ಗಿತ್ತೇ, ಕುಡಿತವಿತ್ತೇ ಎಂದು ಅವರು ಕೇಳುವ ಪ್ರಶ್ನೆಗಳು ನೋವುಂಟುಮಾಡಿದರೂ ಮರೆಮಾಚದೆ ಉತ್ತರಿಸಿ, ಏಕೆಂದರೆ ಎಲ್ಲಿ ಮೊದಲು ಹುಡುಕಬೇಕೆಂಬ ತೀರ್ಮಾನಕ್ಕೆ ಆ ಉತ್ತರಗಳು ಬೇಕು. ಕಾಣೆಯಾದವರು ತಾವಾಗಿಯೇ ಮನೆ ತಲುಪಿದರೆ ಆ ಕ್ಷಣವೇ ಶೆರಿಫ್ ಕಚೇರಿಗೆ ತಿಳಿಸಿ. ಹಿಮದಲ್ಲಿ ಇನ್ನೂ ಹುಡುಕುತ್ತಿರುವವರೂ ಒಂದು ಮನೆಯವರೇ.

ಹಂತ 8: ಅದೇ ಸಾಧನವನ್ನು ಊರಿಗೆ ತರಬೇಡಿ

ರಜೆಗೆ ಬಂದಾಗ ಕುದುರೆಮುಖಕ್ಕೋ ಹಿಮಾಲಯಕ್ಕೋ ಚಾರಣ ಹೋಗಲು ಇನ್‌ರೀಚ್ ತರಬಹುದೇ ಎಂದು ಕೇಳುವವರು ಬಹಳ. ತರಬಾರದು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನು ಮತ್ತು ಉಪಗ್ರಹ ಸಂದೇಶ ಸಾಧನಗಳನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ಬರೀ ಚಾರಣದ ಸಾಮಾನೆಂದು ಇವನ್ನು ಚೀಲದಲ್ಲಿಟ್ಟುಕೊಂಡಿದ್ದ ವಿದೇಶಿ ಪ್ರವಾಸಿಗರನ್ನು ಗೋವಾ ಮತ್ತು ದೆಹಲಿ ವಿಮಾನ ನಿಲ್ದಾಣಗಳಲ್ಲಿ ತಡೆದು ಪ್ರಕರಣ ದಾಖಲಿಸಿದ ಉದಾಹರಣೆಗಳಿವೆ. ಭಾರತದ ಮೂಲಕ ಬೇರೆ ದೇಶಕ್ಕೆ ಹೋಗುವವರೂ ಇದೇ ತೊಡಕಿಗೆ ಸಿಲುಕಬಹುದು. ಪಿಎಲ್‌ಬಿಯೂ ರೇಡಿಯೊ ಸಂಕೇತ ಹೊರಡಿಸುವ ಸಾಧನವೇ ಆದ್ದರಿಂದ ಲಿಖಿತ ಅನುಮತಿಯಿಲ್ಲದೆ ತರುವ ಧೈರ್ಯ ಮಾಡಬೇಡಿ.

ಹಾಗೆಂದು ಭಾರತ ಈ ವ್ಯವಸ್ಥೆಯ ಹೊರಗಿಲ್ಲ. ಕಾಸ್ಪಾಸ್-ಸಾರ್‌ಸ್ಯಾಟ್‌ನ ಭಾರತೀಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿಯೇ, ಇಸ್ರೊದ ಇಸ್ಟ್ರಾಕ್ ಆವರಣದಲ್ಲಿ. ಬೆಂಗಳೂರು ಮತ್ತು ಲಖನೌದ ಭೂಕೇಂದ್ರಗಳು ನಮ್ಮ ಸುತ್ತಲಿನ ಹಡಗು ಮತ್ತು ವಿಮಾನಗಳ ಆಪತ್ತಿನ ಸಂಕೇತಗಳನ್ನು ಹಿಡಿಯುತ್ತವೆ, ಶ್ರೀಲಂಕಾ, ನೇಪಾಳ, ಮಾಲ್ದೀವ್ಸ್‌ನಂಥ ನೆರೆದೇಶಗಳಿಗೂ ಸೇವೆ ನೀಡುತ್ತವೆ. ಮೀನುಗಾರರ ದೋಣಿಗಳಿಗೆಂದು ಇಸ್ರೊ ರೂಪಿಸಿದ ಆಪತ್ತು ಸೂಚಕ ಸಾಧನದ ಸಂದೇಶಗಳನ್ನು ಸ್ವೀಕರಿಸುವುದೂ ಇದೇ ಕೇಂದ್ರ.

ಪಶ್ಚಿಮಘಟ್ಟದಲ್ಲಿ ಚಾರಣ ಹೋಗುವವರು ಅರಣ್ಯ ಇಲಾಖೆಯಿಂದ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಿಯನ್ನು ಜೊತೆಗಿಟ್ಟುಕೊಂಡು ಹೋಗಬೇಕು. ಐಫೋನಿನ ಉಪಗ್ರಹ ಸೌಲಭ್ಯ ಇಲ್ಲಿ ಕೆಲಸ ಮಾಡುವುದಿಲ್ಲ. ತುರ್ತು ಕರೆಯ ಸಂಖ್ಯೆ 112. ಶೋಲಾ ಕಾಡಿನೊಳಗೆ ಸಿಗ್ನಲ್ ಸಿಗದಿದ್ದರೂ ದಿಣ್ಣೆಯ ಹುಲ್ಲುಗಾವಲಿಗೆ ಬಂದರೆ ಹಲವು ಕಡೆ ಸಿಗುತ್ತದೆ, ಆದ್ದರಿಂದ ಸಿಗ್ನಲ್ ಇದ್ದ ಕೊನೆಯ ಜಾಗವನ್ನು ಹೋಗುವಾಗಲೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಮೂರನೆಯ ಹಂತದಲ್ಲಿ ಹೇಳಿದ ಹಾಳೆಯನ್ನು ಇಲ್ಲಿಯೂ ಬರೆದು, ಒಂದು ಪ್ರತಿಯನ್ನು ಮನೆಯಲ್ಲಿ, ಇನ್ನೊಂದನ್ನು ರಾತ್ರಿ ತಂಗಿದ ಹೋಮ್‌ಸ್ಟೇಯವರ ಕೈಯಲ್ಲಿ ಕೊಟ್ಟು ಹೊರಡಿ.